ಎಚ್‌ಐವಿ ಮಾತ್ರೆ ಸರಿ ಇದೆ, ಈಗ ಶುಗರ್ ಬಂದಿದೆ. ಯಾರಿಗೆ ಏನು ಹೇಳಬೇಕು?

ತೋಟದ ರೈಟರ್ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಹೆಚ್ಚಾಗಿ ಕಾಫಿ ರೇಟು, ಆನೆ ಕಾಟ, ರಸ್ತೆ ಗುಂಡಿ ಇವೇ ಮಾತು. ನಾನು ಬೇರೆ ವಿಷಯ ಹಾಕುತ್ತಿದ್ದೇನೆ. ನನ್ನ ಹೆಸರು ಹೇಳುವುದಿಲ್ಲ, ತೋಟದ ಹೆಸರೂ ಕೇಳಬೇಡಿ.

ನನಗೆ ಈಗ 62. ದಕ್ಷಿಣ ಕೊಡಗಿನ ಒಂದು ತೋಟದಲ್ಲಿ ಮೂವತ್ತು ವರ್ಷ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು, ಆಗಿದ್ದೆ. 2006ರಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾಯಿತು. ಆಗ ಸಿಡಿ4, ಅಂದರೆ ರಕ್ತದಲ್ಲಿ ರೋಗ ತಡೆಯುವ ಕಣಗಳ ಲೆಕ್ಕ, ಬರೀ 86. ಸರ್ಕಾರ ಉಚಿತವಾಗಿ ಮಾತ್ರೆ ಕೊಡಲು ಶುರು ಮಾಡಿದ್ದೇ 2004ರಲ್ಲಿ. ನಾನು ಮೈಸೂರಿಗೆ ಹೋಗಿ ತರುತ್ತಿದ್ದೆ. ಊರಲ್ಲಿ ಕೇಳಿದವರಿಗೆ ಆಫೀಸಿನ ಲೆಕ್ಕ ಒಪ್ಪಿಸಬೇಕು ಎನ್ನುತ್ತಿದ್ದೆ. ಹೆಂಡತಿಗೆ ಮಾತ್ರ ಗೊತ್ತು. ಅವಳದ್ದು ನೆಗೆಟಿವ್. ಮಗಳಿಗೆ ಇವತ್ತಿಗೂ ಗೊತ್ತಿಲ್ಲ.

ಆಗ ಕೊಟ್ಟ ಮಾತ್ರೆಯಲ್ಲಿ ಸ್ಟಾವುಡಿನ್ ಇತ್ತು. ಜೀವ ಉಳಿಸಿತು, ಸುಳ್ಳು ಹೇಳಬಾರದು. ಆದರೆ ಕೆನ್ನೆ ಒಳಗೆ ಹೋಯಿತು, ಅಂಗಾಲು ಉರಿ ಶುರುವಾಯಿತು. ಕೆನ್ನೆ ಹಾಗೇ ಇದೆ, ಉರಿಯೂ ಪೂರ್ತಿ ಹೋಗಿಲ್ಲ. ಆಮೇಲೆ ಮಾತ್ರೆ ಎರಡು ಸಲ ಬದಲಾಯಿತು. ಈಗ ರಾತ್ರಿ ಒಂದೇ ಮಾತ್ರೆ, ಟಿಎಲ್‌ಡಿ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ರಿಪೋರ್ಟಿನಲ್ಲಿ ಎಷ್ಟೋ ವರ್ಷದಿಂದ 'ಪತ್ತೆಯಾಗಿಲ್ಲ' ಎಂದೇ ಬರುತ್ತಿದೆ. ಮಗಳ ಮದುವೆ ನೋಡುವುದಿಲ್ಲ ಎಂದುಕೊಂಡಿದ್ದವನು ಈಗ ಮೊಮ್ಮಗನ ಶಾಲೆ ಫೀಸು ಕಟ್ಟುತ್ತಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಶುಗರ್ ಬಂತು. ಹಿಂದೆಯೇ ಬಿಪಿ. ಹತ್ತಿರದ ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ಎಚ್‌ಐವಿ ಇದೆ ಎಂದು ಹೇಳಲಿಲ್ಲ. ಹೇಗೆ ಹೇಳುವುದು? ಅಲ್ಲಿ ಚೀಟಿ ಬರೆಯುವ ಹುಡುಗಿ ನನ್ನ ಹೆಂಡತಿ ಕಡೆಯ ಸಂಬಂಧ. ಡಾಕ್ಟರು ಮೆಟ್‌ಫಾರ್ಮಿನ್ 500 ಎರಡು ಹೊತ್ತು ಕೊಟ್ಟರು. ಶುಗರ್ ಇಳಿಯಲಿಲ್ಲ ಎಂದು 1000 ಎರಡು ಹೊತ್ತು ಮಾಡಿದರು. ಅಲ್ಲಿಂದ ಹೊಟ್ಟೆ ಕೆಟ್ಟಿತು. ಬೆಳಿಗ್ಗೆ ಕಾಫಿ ಕುಡಿದ ಹತ್ತು ನಿಮಿಷಕ್ಕೆ ಓಡಬೇಕು. ಒಂದು ದಿನ ಮಡಿಕೇರಿ ಬಸ್ಸಿನಿಂದ ಮೂರ್ನಾಡಿನಲ್ಲೇ ಇಳಿದು ಓಡಿದೆ. ಮೂರು ತಿಂಗಳಲ್ಲಿ ಆರು ಕೆ.ಜಿ. ಇಳಿದಿದ್ದೇನೆ. ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಊಟ ಬಡಿಸುವಾಗ ನನ್ನ ಕೈ ನೋಡುತ್ತಾಳೆ. 2006ರಲ್ಲೂ ಹೀಗೇ ನೋಡುತ್ತಿದ್ದಳು.

ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಮಾತ್ರೆ ಕೊಡುವಲ್ಲಿ, ಶುಗರ್ ಮಾತ್ರೆ ಬಗ್ಗೆ ಹೇಳಿಲ್ಲ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಫೈಲು ಬಟ್ಟೆ ಅಂಗಡಿಯ ಕವರಿನಲ್ಲಿದೆ, ಇನ್ನೊಂದು ಕ್ಲಿನಿಕ್ಕಿನದೇ ಕವರಿನಲ್ಲಿ. ಎರಡೂ ಒಂದೇ ಬೀರುವಿನಲ್ಲಿವೆ, ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಏನು ಮಾಡಲಿ?

ಕಾಫಿ ಕಣ (ಸೋಮವಾರ, ರಾತ್ರಿ 10:05)

ರೈಟರಣ್ಣ, ಬರೆದಿದ್ದೇ ದೊಡ್ಡದು. ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ. ಸುಮ್ನೆ ಓದಿ ಹೋಗಲು ಮನಸ್ಸಾಗಲಿಲ್ಲ, ಅದಕ್ಕೆ ಇಷ್ಟು ಬರೆದೆ. ಗೊತ್ತಿರುವವರು ಹೇಳಿ.

ಹಳೇ ಸಿಸ್ಟರ್ (ಸೋಮವಾರ, ರಾತ್ರಿ 10:50)

ರೈಟರೇ, ನಾನು ನಿವೃತ್ತ ನರ್ಸ್. ಡಾಕ್ಟರಲ್ಲ, ಅದು ನೆನಪಿರಲಿ. ಆದರೆ ನಿಮ್ಮ ಪೋಸ್ಟು ಓದಿದ ಕೂಡಲೇ ಒಂದು ಹೊಳೆಯಿತು, ಅದನ್ನು ಹೇಳದೆ ನಿದ್ದೆ ಬರುವುದಿಲ್ಲ.

ಟಿಎಲ್‌ಡಿ ಅಂದರೆ ಒಂದು ಮಾತ್ರೆಯಲ್ಲಿ ಮೂರು ಔಷಧಿ. ಟೆನೊಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಈ ಕೊನೆಯದು ಇದೆಯಲ್ಲ, ಅದು ಮೆಟ್‌ಫಾರ್ಮಿನ್ ಮೂತ್ರದಲ್ಲಿ ಹೊರಗೆ ಹೋಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಹಾಗಾಗಿ ನೀವು ನುಂಗಿದ್ದು ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಎರಡೂ ಒಟ್ಟಿಗೆ ತೆಗೆದುಕೊಳ್ಳುವವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ನೀವು 2000 ತೆಗೆದುಕೊಳ್ಳುತ್ತಿದ್ದೀರಿ. ಕ್ಲಿನಿಕ್ಕಿನ ಡಾಕ್ಟರದ್ದು ತಪ್ಪು ಅನ್ನುವ ಹಾಗಿಲ್ಲ, ಅವರಿಗೆ ಅರ್ಧ ಕಥೆಯೇ ಗೊತ್ತಿರಲಿಲ್ಲ.

ಅಂತ ನಾಳೆ ಬೆಳಿಗ್ಗೆ ನೀವೇ ಮಾತ್ರೆ ಬಿಟ್ಟುಬಿಡಬೇಡಿ. ಟಿಎಲ್‌ಡಿಯನ್ನಂತೂ ಒಂದು ದಿನವೂ ಬಿಡಬೇಡಿ. ಈ ವಾರವೇ ಎಆರ್‌ಟಿ ಕೇಂದ್ರಕ್ಕೆ ಹೋಗಿ. ಅಲ್ಲಿ ಕೊಟ್ಟ ಚಿಕಿತ್ಸೆ ಪುಸ್ತಕ, ಅದೇ ಗ್ರೀನ್ ಬುಕ್, ಅದರ ಜೊತೆಗೆ ಕ್ಲಿನಿಕ್ಕಿನ ಫೈಲನ್ನೂ ಮಾತ್ರೆಯ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಖಾಲಿ ಸ್ಟ್ರಿಪ್ ಆದರೂ ಸರಿ. ಆರು ಕೆ.ಜಿ. ಇಳಿದಿದೆ ಎಂದು ಮೊದಲೇ ಹೇಳಿ. ಕಾರಣ ಇದೇ ಇರಬಹುದು, ಆದರೂ ಕಫ ಪರೀಕ್ಷೆ ಆಗಲಿ. ಎಚ್‌ಐವಿ ಇರುವವರಲ್ಲಿ ತೂಕ ಇಳಿದರೆ ಟಿಬಿ ಇಲ್ಲ ಎಂದು ನೋಡಿಯೇ ಮುಂದೆ ಹೋಗಬೇಕು.

ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ, ಕ್ರಿಯಾಟಿನಿನ್, ಎಷ್ಟಿದೆ?

ತೋಟದ ರೈಟರ್ (ಸೋಮವಾರ, ರಾತ್ರಿ 11:15)

1.3 ಸಿಸ್ಟರ್. ಕ್ಲಿನಿಕ್ಕಿನಲ್ಲಿ ಅದನ್ನು ನೋಡಿ ಕಿಡ್ನಿ ಡಾಕ್ಟರ ಹತ್ತಿರ ಹೋಗಿ ಎಂದರು. ನಾನು ಹೆದರಿ ಹೋಗಲಿಲ್ಲ.

ಹಳೇ ಸಿಸ್ಟರ್ (ಮಂಗಳವಾರ, ಬೆಳಿಗ್ಗೆ 6:30)

ಅದೂ ಈ ಮಾತ್ರೆಯದ್ದೇ ಕೆಲಸ ಇರಬಹುದು. ಡೊಲುಟೆಗ್ರಾವಿರ್ ಶುರು ಮಾಡಿದ ಮೇಲೆ ಕ್ರಿಯಾಟಿನಿನ್ ಸ್ವಲ್ಪ ಏರಿ ನಿಲ್ಲುವುದು ಸಾಮಾನ್ಯ. ಕಿಡ್ನಿ ಕೆಟ್ಟಿದ್ದಕ್ಕಲ್ಲ, ಕ್ರಿಯಾಟಿನಿನ್ ಹೊರಗೆ ಹೋಗುವ ಬಾಗಿಲು ಕಿರಿದಾಗಿದ್ದಕ್ಕೆ. ಆದರೆ ಅದೇ ಮಾತ್ರೆಯಲ್ಲಿರುವ ಟೆನೊಫೋವಿರ್ ಕೆಲವರಿಗೆ ನಿಜವಾಗಿಯೂ ಕಿಡ್ನಿಗೆ ಪೆಟ್ಟು ಕೊಡುತ್ತದೆ. ಶುಗರ್, ಬಿಪಿ ಎರಡೂ ಇರುವವರಿಗೆ ಇನ್ನೂ ಜಾಸ್ತಿ ಹುಷಾರಿರಬೇಕು. ಯಾವುದು ಯಾವುದು ಎಂದು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿ, ಹಳೆಯ ರಿಪೋರ್ಟು ಪಕ್ಕ ಇಟ್ಟು ನಿರ್ಧರಿಸಬೇಕು. ಕಿಡ್ನಿ ಸರಿಯಿಲ್ಲ ಎಂದಾದರೆ ಟೆನೊಫೋವಿರ್ ತೆಗೆದು ಅಬಾಕಾವಿರ್ ಕೊಡುತ್ತಾರೆ, ದಾರಿ ಇದೆ. ನಿಮ್ಮ ಹಳೆಯ ರಿಪೋರ್ಟು ಎಲ್ಲಿದೆ? ಬಟ್ಟೆ ಅಂಗಡಿ ಕವರಿನಲ್ಲಿ ಅಲ್ವಾ?

ಕುಶಾಲನಗರ ಕಡೆಯವ (ಮಂಗಳವಾರ, ಬೆಳಿಗ್ಗೆ 8:10)

ಒಂದು ದಡ್ಡ ಪ್ರಶ್ನೆ. ವೈರಸ್ ಪತ್ತೆಯೇ ಆಗುತ್ತಿಲ್ಲ ಎಂದ ಮೇಲೆ ಶುಗರ್ ಬಿಪಿಗೂ ಎಚ್‌ಐವಿಗೂ ಏನು ಸಂಬಂಧ? 62 ವರ್ಷಕ್ಕೆ ಎಲ್ಲರಿಗೂ ಬರುತ್ತದೆ. ನಮ್ಮಪ್ಪನಿಗೂ ಇದೆ. ಮತ್ತೆ ಅಷ್ಟು ವರ್ಷ ಮಾತ್ರೆ ತಿಂದಿದ್ದೇ ಕಾರಣ ಇರಬಹುದಲ್ವಾ? ಸ್ವಲ್ಪ ದಿನ ನಿಲ್ಲಿಸಿ ಮೈಗೆ ರೆಸ್ಟ್ ಕೊಟ್ಟರೆ?

ಹಳೇ ಸಿಸ್ಟರ್ (ಮಂಗಳವಾರ, ಬೆಳಿಗ್ಗೆ 9:00)

ಪ್ರಶ್ನೆ ದಡ್ಡದಲ್ಲ, ರೆಸ್ಟ್ ಕೊಡುವ ಮಾತು ಮಾತ್ರ ಅಪಾಯದ್ದು.

ಇದನ್ನು ಮಾಡಿಯೇ ನೋಡಿದ್ದಾರೆ. ಸ್ಮಾರ್ಟ್ ಎನ್ನುವ ದೊಡ್ಡ ಅಧ್ಯಯನ, 5,472 ಜನ. ಸಿಡಿ4 ಚೆನ್ನಾಗಿದ್ದಾಗ ಅರ್ಧ ಜನರಿಗೆ ಮಾತ್ರೆ ನಿಲ್ಲಿಸುವುದು, ಇಳಿದಾಗ ಮತ್ತೆ ಕೊಡುವುದು. ಮಾತ್ರೆಯ ತೊಂದರೆ ತಪ್ಪುತ್ತದೆ, ಹೃದಯಕ್ಕೆ ಒಳ್ಳೆಯದಾಗುತ್ತದೆ ಎಂದುಕೊಂಡಿದ್ದರು. ಆದದ್ದು ಉಲ್ಟಾ. ನಿಲ್ಲಿಸಿದವರಲ್ಲೇ ಸಾವು ಜಾಸ್ತಿ, ಹೃದಯ, ಕಿಡ್ನಿ, ಲಿವರ್ ಕಾಯಿಲೆಯೂ ಜಾಸ್ತಿ. 2006ರಲ್ಲಿ ಅದನ್ನು ನಡುವೆಯೇ ನಿಲ್ಲಿಸಿದರು. ನಮ್ಮ ರೈಟರು ಮಾತ್ರೆ ಶುರು ಮಾಡಿದ ವರ್ಷ.

ಸಂಬಂಧ ಏನು ಎಂದಿರಿ. ವೈರಸ್ ರಕ್ತದಲ್ಲಿ ಕಾಣದಿದ್ದರೂ ಕೆಲವು ಜೀವಕೋಶಗಳೊಳಗೆ ಅಡಗಿ ಕೂತಿರುತ್ತದೆ. ಮೈ ಒಳಗೆ ಸಣ್ಣಗೆ ಉರಿಯೂತ ನಡೆಯುತ್ತಲೇ ಇರುತ್ತದೆ. ನಮ್ಮ ಒಲೆ ಗೊತ್ತಲ್ಲ, ರಾತ್ರಿ ಬೆಂಕಿ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಇರುತ್ತದೆ. ಹಾಗೆ. ವರ್ಷಗಟ್ಟಲೆ ಅದು ರಕ್ತನಾಳಕ್ಕೆ ಒಳ್ಳೆಯದಲ್ಲ. ಎಚ್‌ಐವಿ ಇರುವವರಿಗೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ಮೂಳೆ ಸವೆತವೂ ಬೇಗ. ಅದಕ್ಕೇ ಇವರಲ್ಲಿ 50 ದಾಟಿದರೆ ಹಿರಿಯರು ಎಂದು ಲೆಕ್ಕ. ಹಳೆಯ ಮಾತ್ರೆಗಳದ್ದೂ ಪಾಲಿದೆ. ಸ್ಟಾವುಡಿನ್ ಶುಗರಿಗೂ ದಾರಿ ಮಾಡಿಕೊಡುತ್ತಿತ್ತು, ಈಗಿನದ್ದು ಕೆಲವರಿಗೆ ತೂಕ ಏರಿಸುತ್ತದೆ. ಇದರ ಜೊತೆ ನಮ್ಮ ಸಿಗರೇಟು, ಸಂಜೆಯ ಪೆಗ್ಗು, ಮಳೆಗಾಲದ ಒಣಮೀನು. ಎಲ್ಲಾ ವೈರಸ್ಸಿನ ತಲೆಗೆ ಕಟ್ಟುವ ಹಾಗೂ ಇಲ್ಲ.

ಮೂಲೆಮನೆ (ಮಂಗಳವಾರ, ಮಧ್ಯಾಹ್ನ 1:20)

ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪಿನ ಪಾಯಸ ತಿನ್ನಿ. ಹದಿನೆಂಟು ಮದ್ದು ಒಂದೇ ಸೊಪ್ಪಿನಲ್ಲಿದೆ ಎಂದು ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಇಂಗ್ಲಿಷ್ ಮಾತ್ರೆ ಕಡಿಮೆ ಮಾಡಿ.

ಕಾಫಿ ಕಣ (ಮಂಗಳವಾರ, ಮಧ್ಯಾಹ್ನ 1:45)

ಮೂಲೆಮನೆಯವರೇ, ಕಕ್ಕಡ ಹದಿನೆಂಟಕ್ಕೆ ನಮ್ಮ ಮನೆಯಲ್ಲೂ ಮಾಡುತ್ತಾರೆ, ನಾನೂ ತಿನ್ನುತ್ತೇನೆ. ಮರುದಿನ ಮೂತ್ರಕ್ಕೆ ಬಣ್ಣ ಬರುತ್ತದೆ ಎಂದು ಚಿಕ್ಕಂದಿನಲ್ಲಿ ಓಡಿಹೋಗಿ ನೋಡುತ್ತಿದ್ದೆವು. ಆದರೆ ಆ ಪಾಯಸಕ್ಕೆ ಸುರಿಯುವ ಬೆಲ್ಲ ಎಷ್ಟು ಗೊತ್ತಾ? ಶುಗರ್ ಇರುವವರಿಗೆ ಹೇಳುತ್ತಿದ್ದೀರಿ!

ಹಟ್ಟಿಹೊಳೆ (ಮಂಗಳವಾರ, ರಾತ್ರಿ 8:30)

ನಾನು ಸುಮಾರು ದಿನದಿಂದ ಸುಮ್ಮನೆ ಓದುವವಳು. ಇವತ್ತು ಬರೆಯುತ್ತಿದ್ದೇನೆ, ಅಪ್ಪನ ವಿಷಯ. ಅಪ್ಪ ಈಗಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಹೊರಟೆವು. ಅಪ್ಪನಿಗೆ 58. ಎಚ್‌ಐವಿ ಮಾತ್ರೆ, ಬಿಪಿ ಮಾತ್ರೆ ಎರಡೂ ಮನೆಯಲ್ಲೇ ಉಳಿದವು. ಶಿಬಿರದಲ್ಲಿ ಸರ್ಕಾರಿ ಡಾಕ್ಟರು ಬಂದು ಬಿಪಿ, ಶುಗರ್ ಇರುವವರು ಕೈ ಎತ್ತಿ ಎಂದರು. ಅಪ್ಪ ಎತ್ತಿದರು. ಬಿಪಿ ಮಾತ್ರೆ ಆ ಕ್ಷಣವೇ ಸಿಕ್ಕಿತು. ಇನ್ನೊಂದಕ್ಕೆ ಹೇಗೆ ಕೈ ಎತ್ತುವುದು? ಆ ಹಾಲಿನಲ್ಲಿ ನಮ್ಮ ಊರಿಗೆ ಊರೇ ಮಲಗಿತ್ತು. ನಾಲ್ಕು ದಿನ ಮಾತ್ರೆ ಇಲ್ಲದೆ ಇದ್ದರು. ಕೊನೆಗೆ ಅಮ್ಮ ಒಬ್ಬ ನರ್ಸನ್ನು ಪಾತ್ರೆ ತೊಳೆಯುವ ಜಾಗಕ್ಕೆ ಕರೆದು ಕಿವಿಯಲ್ಲಿ ಹೇಳಿದರು. ಸಂಜೆಯೊಳಗೆ ಮಾತ್ರೆ ಬಂತು. ಆ ನರ್ಸು ಯಾರೋ ಇವತ್ತಿಗೂ ಗೊತ್ತಿಲ್ಲ.

ಡಬ್ಬಿ ಸಿಕ್ಕಿದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸ ಲೇಬಲ್ ಉಗುರಲ್ಲಿ ಕೆರೆದು ತೆಗೆದಿದ್ದು. ಎರಡನೆಯದು, ಅಮ್ಮನ ಹತ್ತಿರ ಹತ್ತಿ ಕೇಳಿ ಡಬ್ಬಿಯೊಳಗೆ ತುರುಕಿದ್ದು. ರಾತ್ರಿ ತೆಗೆಯುವಾಗ ಗಡಗಡ ಸದ್ದು ಬರಬಾರದಲ್ಲ. ಮೂವತ್ತು ಮಾತ್ರೆ ತುಂಬಿದ ಡಬ್ಬಿ ಎಷ್ಟು ಸದ್ದು ಮಾಡುತ್ತದೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು.

ಅಪ್ಪ ಹೋಗಿದ್ದು ಎಚ್‌ಐವಿಯಿಂದ ಅಲ್ಲ, ಹಾರ್ಟ್ ಅಟ್ಯಾಕ್. ಎರಡು ದಿನದಿಂದ ಎದೆ ಹಿಡಿದ ಹಾಗೆ ಇತ್ತಂತೆ. ಗ್ಯಾಸು ಎಂದು ಸುಮ್ಮನಿದ್ದರು. ಬೇರೆ ಆಸ್ಪತ್ರೆಗೆ ಹೋದರೆ ರಕ್ತ ತೆಗೆಯುತ್ತಾರೆ, ಗೊತ್ತಾಗುತ್ತದೆ ಎಂಬ ಹೆದರಿಕೆ. ರೈಟರಣ್ಣ, ಅದಕ್ಕೇ ಬರೆದೆ.

ತೋಟದ ರೈಟರ್ (ಮಂಗಳವಾರ, ರಾತ್ರಿ 9:10)

ಓದಿದೆ ತಾಯಿ. ಎರಡು ಸಲ ಓದಿದೆ.

ಪೊನ್ನಂಪೇಟೆ ಆಶಾ (ಬುಧವಾರ, ಬೆಳಿಗ್ಗೆ 7:15)

ನಾನು ಆಶಾ ಕಾರ್ಯಕರ್ತೆ. ಹೆಂಗಸರ ಮಾತು ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ಯಾರ ಗುರುತೂ ಸಿಗದ ಹಾಗೆ.

ತೋಟದ ಕೂಲಿಯವರ ಲೈನ್ ಮನೆಯಲ್ಲಿ ಒಬ್ಬ ಅಕ್ಕ ಇದ್ದಾರೆ. ಐವತ್ತರ ಮೇಲೆ, ಗಂಡ ಇಲ್ಲ. ಕಾಫಿ ಕೊಯ್ಲು ಶುರುವಾದರೆ ದಿನಾ ಚೀಲ ಹೊರಬೇಕು. ಸಂಜೆ ಮಂಡಿ ಹಿಡಿದುಕೊಂಡು ಅಂಗಡಿಗೆ ಹೋಗಿ ನೋವಿನ ಮಾತ್ರೆ. ಯಾವುದು ಎಂದು ಕೇಳಿದರೆ 'ಕೆಂಪು ಮಾತ್ರೆ' ಎನ್ನುತ್ತಾರೆ. ಎಚ್‌ಐವಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆದರೆ ಈ ನೋವಿನ ಮಾತ್ರೆ ಲೆಕ್ಕಕ್ಕೇ ಇಲ್ಲ, ಅದು ಅವರಿಗೆ ಎಲೆ ಅಡಿಕೆ ಇದ್ದ ಹಾಗೆ. ಸಿಸ್ಟರ್, ಇದು ಪರವಾಗಿಲ್ವಾ? ಇನ್ನೊಂದು, ಅವರಿಗೆ ಸಂಘದವರು ಕ್ಯಾಲ್ಸಿಯಂ ಡಬ್ಬಿ ಕೊಟ್ಟಿದ್ದಾರೆ. ರಾತ್ರಿ ಎರಡನ್ನೂ ಒಟ್ಟಿಗೆ ನುಂಗುತ್ತಾರೆ.

ಹಳೇ ಸಿಸ್ಟರ್ (ಬುಧವಾರ, ಬೆಳಿಗ್ಗೆ 9:40)

ಪರವಾಗಿಲ್ಲ ಅನ್ನುವ ಹಾಗೇ ಇಲ್ಲ! ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆ ದಿನಾ ತಿಂದರೆ ಕಿಡ್ನಿಗೆ ಏಟು. ಟೆನೊಫೋವಿರ್ ಜೊತೆಗೆ ಇನ್ನೂ ಕೆಟ್ಟದು. ನೋವಿಗೆ ಪ್ಯಾರಾಸಿಟಮಾಲ್ ವಾಸಿ, ಅದನ್ನೂ ಡಾಕ್ಟರನ್ನು ಕೇಳಿ. ಅವರು ಎರಡನೇ ಹಂತದ ಮಾತ್ರೆಯಲ್ಲಿದ್ದರೆ, ಅಂದರೆ ರಿಟೊನಾವಿರ್ ಇರುವುದರಲ್ಲಿದ್ದರೆ, ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸುವ ಮೊದಲು ಎಆರ್‌ಟಿ ಕೇಂದ್ರಕ್ಕೆ ತಿಳಿಸಲೇಬೇಕು. ಆ ಸ್ಟೀರಾಯ್ಡ್ ಮೈಯಲ್ಲಿ ಕರಗದೆ ಉಳಿದು ಮುಖ ಊದಿ, ಶುಗರ್ ಏರಿ ಬೇರೆಯೇ ಕಥೆಯಾಗುತ್ತದೆ.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ಮೊದಲು ತೆಗೆದುಕೊಂಡು ಎರಡು ಗಂಟೆ ಬಿಡಬೇಕು. ಕ್ಯಾಲ್ಸಿಯಂ ಮೊದಲು ನುಂಗಿದ್ದರೆ ಆರು ಗಂಟೆ ಬಿಡಬೇಕು. ಹೊಟ್ಟೆ ತುಂಬಾ ಊಟ ಮಾಡಿ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ನಡೆಯುತ್ತದೆ, ಖಾಲಿ ಹೊಟ್ಟೆಯಲ್ಲಿ ಬೇಡ. ಗ್ಯಾಸಿಗೆ ಕುಡಿಯುವ ಬಿಳಿ ಔಷಧಿಗೆ ಈ ಊಟದ ರಿಯಾಯಿತಿಯೂ ಇಲ್ಲ, ಅದಕ್ಕೆ ಗಂಟೆ ಲೆಕ್ಕವೇ. ಅಕ್ಕನಿಗೆ ಸುಲಭ ದಾರಿ, ಕ್ಯಾಲ್ಸಿಯಂ ಬೆಳಿಗ್ಗೆ, ಎಚ್‌ಐವಿ ಮಾತ್ರೆ ರಾತ್ರಿ. ಮುಗಿಯಿತು.

ಮತ್ತೆ ಆಶಾ, ಅವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಆಗಿದೆಯಾ? ಎಚ್‌ಐವಿ ಇರುವ ಹೆಂಗಸರಲ್ಲಿ ಅದು ಆರು ಪಟ್ಟು ಜಾಸ್ತಿ. ಮುಟ್ಟು ನಿಂತಿತು, ಇನ್ನೇನು ಎಂದು ಬಿಡುತ್ತಾರೆ. ಕರೆದುಕೊಂಡು ಹೋಗು ಮಗಳೇ.

ಪೊನ್ನಂಪೇಟೆ ಆಶಾ (ಬುಧವಾರ, ಬೆಳಿಗ್ಗೆ 10:05)

ಆಗಿಲ್ಲ. ಭಾನುವಾರದ ಸಂತೆ ಮುಗಿದ ಮೇಲೆ ಮಾತಾಡುತ್ತೇನೆ. ಕೂಲಿ ಬಿಟ್ಟು ಬರುವುದಿಲ್ಲ ಎನ್ನುತ್ತಾರೆ, ನೋಡೋಣ.

ಬೆಟ್ಟದ ಬಾವ (ಬುಧವಾರ, ಸಂಜೆ 5:50)

ನೇರ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಡಾಕ್ಟರಿಗೆ ಸುಳ್ಳು ಹೇಳಿ ಆಮೇಲೆ ಮಾತ್ರೆ ಸರಿಯಿಲ್ಲ ಎಂದರೆ ಹೇಗೆ? ಕಾನೂನು ಇದೆಯಲ್ಲ. 2017ರ ಎಚ್‌ಐವಿ ಕಾಯ್ದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ಗುಟ್ಟು ಹೊರಗೆ ಹಾಕುವ ಹಾಗಿಲ್ಲ. ಧೈರ್ಯವಾಗಿ ಹೇಳಿ.

ಹಟ್ಟಿಹೊಳೆ (ಬುಧವಾರ, ಸಂಜೆ 6:20)

ಕಾನೂನು ಇದೆ ಬಾವ. ಆದರೆ ಚೀಟಿ ಬರೆಯುವ ಹುಡುಗಿ ಮದುವೆ ಮನೆಯಲ್ಲಿ ಚಿಕ್ಕಮ್ಮನ ಕಿವಿಯಲ್ಲಿ ಹೇಳಿದರೆ ಯಾವ ಕೋರ್ಟಿಗೆ ಹೋಗುವುದು? ಮಡಿಕೇರಿಯಲ್ಲಿ ಸೀನಿದರೆ ನಾಪೋಕ್ಲಿನಲ್ಲಿ 'ನೆಗಡಿಯಾ?' ಎಂದು ಕೇಳುತ್ತಾರೆ.

ಬೆಟ್ಟದ ಬಾವ (ಬುಧವಾರ, ಸಂಜೆ 6:40)

ಅದೂ ಸರಿ. ನಾನು ಪಟ್ಟಣದಲ್ಲಿದ್ದು ಮಾತಾಡುತ್ತಿದ್ದೇನೆ.

ಅಡ್ಮಿನ್ (ಬುಧವಾರ, ರಾತ್ರಿ 7:05)

ಈಗ ಒಂದು ಕಮೆಂಟ್ ತೆಗೆದಿದ್ದೇನೆ. 'ಇದು ಇಂಥ ತೋಟದ ರೈಟರ್ ಇರಬೇಕು' ಎಂದು ಲೆಕ್ಕ ಹಾಕುತ್ತಿದ್ದರು. ಬರೆದವರನ್ನೂ ಗುಂಪಿನಿಂದ ತೆಗೆದಿದ್ದೇನೆ. ಮೇಲೆ ಹೇಳಿದ ಕಾನೂನು ನಮಗೂ ಬುದ್ಧಿ ಹೇಳುತ್ತದೆ. ಗುಂಪಿನಲ್ಲಿ ಬರೆಯಲು ಆಗದವರು 1097ಕ್ಕೆ ಫೋನ್ ಮಾಡಿ, ಕಾಸು ಕೊಡಬೇಕಾಗಿಲ್ಲ.

ಹಳೇ ಸಿಸ್ಟರ್ (ಬುಧವಾರ, ರಾತ್ರಿ 8:00)

ಇಬ್ಬರೂ ಸರಿಯೇ. ಜಗಳ ಬೇಡ, ನಡುವೆ ದಾರಿ ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಗರ್, ಬಿಪಿಗೆಂದೇ ಎನ್‌ಸಿಡಿ ಕ್ಲಿನಿಕ್ ಇರುತ್ತದೆ, ಮಾತ್ರೆ ಉಚಿತ. ಎಆರ್‌ಟಿ ಡಾಕ್ಟರೇ ಅಲ್ಲಿಗೆ ಚೀಟಿ ಬರೆದು ಕಳಿಸಬಹುದು. ಖಾಸಗಿಯಲ್ಲೇ ತೋರಿಸುತ್ತೇನೆ ಎಂದರೆ ಪತ್ರವನ್ನು ಕವರಿಗೆ ಹಾಕಿ ಅಂಟಿಸಿ, ಡಾಕ್ಟರ ಕೈಗೇ ಕೊಡಿ. ಅದೂ ಆಗದಿದ್ದರೆ ಮಾತ್ರೆಯ ಹೆಸರನ್ನಾದರೂ ಹೇಳಿ. ರೋಗದ ಹೆಸರು ಹೇಳಲು ನಾಲಿಗೆ ಏಳುವುದಿಲ್ಲ ಎಂದರೆ 'ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತೇನೆ' ಎಂದು ಹೇಳಿ. ಗೊತ್ತಿರುವ ಡಾಕ್ಟರಿಗೆ ಅಷ್ಟು ಸಾಕು.

ಇನ್ನೊಂದು ಕೇಳಿಕೊಂಡು ಬನ್ನಿ, ಕೊಲೆಸ್ಟ್ರಾಲ್ ಮಾತ್ರೆ ಬೇಕಾ ಎಂದು. 2023ರಲ್ಲಿ ರಿಪ್ರೀವ್ ಎನ್ನುವ ಅಧ್ಯಯನದ ಫಲಿತಾಂಶ ಬಂತು. 12 ದೇಶಗಳ 7,769 ಜನ, 40ರಿಂದ 75 ವಯಸ್ಸಿನವರು, ಎಲ್ಲರಿಗೂ ಎಚ್‌ಐವಿ. ನಮ್ಮ ದೇಶದವರೂ ಇದ್ದರು. ಹೃದಯಕ್ಕೆ ಅಂಥಾ ದೊಡ್ಡ ಅಪಾಯ ಏನೂ ಕಾಣದವರಿಗೂ ದಿನಕ್ಕೊಂದು ಪಿಟವಾಸ್ಟ್ಯಾಟಿನ್ ಕೊಟ್ಟರೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಂಥವು 35% ಕಡಿಮೆಯಾದವು. ಹಟ್ಟಿಹೊಳೆ ಮಗಳೇ, ನಿಮ್ಮಪ್ಪನ ವಿಷಯ ಓದಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ತೋಟದ ರೈಟರ್ (ಹನ್ನೆರಡು ದಿನದ ಮೇಲೆ, ಭಾನುವಾರ ಸಂಜೆ 4:30)

ಹೋಗಿ ಬಂದೆ. ಎಲ್ಲರೂ ಕೇಳುತ್ತಿದ್ದಿರಿ, ತಡವಾಯಿತು.

ಎಆರ್‌ಟಿ ಕೇಂದ್ರದ ಮೇಜಿನ ಮೇಲೆ ಎರಡೂ ಕವರ್ ಸುರಿದೆ. ಡಾಕ್ಟರಮ್ಮ ಮೆಟ್‌ಫಾರ್ಮಿನ್ ಪಟ್ಟಿ ತಿರುಗಿಸಿ ನೋಡಿ, ಎಷ್ಟು ದಿನದಿಂದ ಎಂದರು. ಮೂರು ತಿಂಗಳು ಎಂದೆ. ಅವರು ಏನೂ ಬೈಯಲಿಲ್ಲ, ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು. ಬೈದಿದ್ದರೇ ಚೆನ್ನಾಗಿತ್ತು. ಮೆಟ್‌ಫಾರ್ಮಿನ್ 500 ಎರಡು ಹೊತ್ತಿಗೆ ಇಳಿಸಿದರು. ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಶುಗರಿಗೆ ಇನ್ನೊಂದು ಸಣ್ಣ ಮಾತ್ರೆ ಸೇರಿಸಿದರು. ಕಫದಲ್ಲಿ ಏನೂ ಇಲ್ಲ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಮೂರು ವರ್ಷದ ಹಿಂದೆಯೂ ಕ್ರಿಯಾಟಿನಿನ್ 1.3 ಇತ್ತಂತೆ, ಬಟ್ಟೆ ಅಂಗಡಿ ಕವರಿನಲ್ಲೇ ಇತ್ತು ಆ ಕಾಗದ. ಟಿಎಲ್‌ಡಿ ಹಾಗೇ ಮುಂದುವರಿಯುತ್ತದೆ, ಮೂರು ತಿಂಗಳಿಗೆ ಮತ್ತೆ ರಕ್ತ ನೋಡುತ್ತಾರೆ. ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟ್ಯಾಟಿನ್ ಬರೆದಿದ್ದಾರೆ.

ಹೊಟ್ಟೆ ಐದನೇ ದಿನಕ್ಕೆ ಸರಿಯಾಯಿತು. ನಿನ್ನೆ ಮಡಿಕೇರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದೆ, ಮೂರ್ನಾಡು ಬಂದಿದ್ದೂ ಗೊತ್ತಾಗಲಿಲ್ಲ.

ಖಾಸಗಿ ಕ್ಲಿನಿಕ್ಕಿಗೆ ಹೋಗಲಿಲ್ಲ. ಬೆಟ್ಟದ ಬಾವ ಬೈಯಬಹುದು, ಬೈಯಲಿ. ಆ ಡಾಕ್ಟರ ಫೋನ್ ನಂಬರ್ ಇದೆ, ಬೇರೆ ಕಡೆ ತೋರಿಸುತ್ತಿದ್ದೇನೆ ಎಂದು ಮೆಸೇಜ್ ಹಾಕಿದೆ, ಅಷ್ಟೇ. ಮಗಳಿಗೂ ಹೇಳಿಲ್ಲ. ಎರಡು ಫೈಲನ್ನು ಒಂದು ಮಾಡಿ ಕಾಫಿ ಚೀಲ ಹೊಲಿಯುವ ದಾರದಲ್ಲಿ ಕಟ್ಟಿದ್ದೇನೆ. ಹೆಂಡತಿ ನೋಡಿ, ಆ ಬಟ್ಟೆ ಅಂಗಡಿ ಕವರ್ ಖಾಲಿಯಾಯಿತಲ್ಲ, ನನಗೆ ಕೊಡಿ ಎಂದಳು.

ಸಿಸ್ಟರ್, ಅಟೊರ್ವಾಸ್ಟ್ಯಾಟಿನ್ ರಾತ್ರಿಯೇ ತೆಗೆದುಕೊಳ್ಳಬೇಕಾ? ನಮ್ಮ ಹಂದಿ ಮಾಂಸದ ಪಂದಿ ಕರಿ ಬಗ್ಗೆ ನಾನು ಡಾಕ್ಟರಮ್ಮನನ್ನು ಕೇಳಲಿಲ್ಲ.

ಹಳೇ ಸಿಸ್ಟರ್ (ಭಾನುವಾರ, ಸಂಜೆ 5:10)

ಯಾವ ಹೊತ್ತಿಗಾದರೂ ಸರಿ, ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಟಿಎಲ್‌ಡಿ ಜೊತೆಗೇ ಇಟ್ಟುಕೊಳ್ಳಿ, ಮರೆಯುವುದಿಲ್ಲ. ಕೇಳದೆ ಬಂದಿದ್ದು ನಿಮ್ಮ ಜಾಣತನ! ಪುತ್ತರಿ ಹಬ್ಬಕ್ಕೆ ಎರಡು ತುಂಡು, ಕೊಬ್ಬು ಪಕ್ಕಕ್ಕೆ. ಅಕ್ಕಿ ಉಂಡೆ ಕಡುಂಬುಟ್ಟು ಲೆಕ್ಕ ಹಾಕಿ ತಿನ್ನಿ, ನಿಮ್ಮ ಶುಗರಿಗೆ ಅದೇ ಜಾಸ್ತಿ.

ಪೊನ್ನಂಪೇಟೆ ಆಶಾ (ಭಾನುವಾರ, ರಾತ್ರಿ 8:45)

ಅಕ್ಕ ಒಪ್ಪಿದ್ದಾರೆ. ಬುಧವಾರ ಹೋಗುತ್ತಿದ್ದೇವೆ. ಕೆಂಪು ಮಾತ್ರೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು, ಇನ್ನೂ ನಾಲ್ಕು ಉಳಿದಿತ್ತು.